ದಾನದ ಸೇಬಿನ ತೂಕ

ದಾನವಾಗಿ ಬಂದ ಸೇಬಿಗೆ ತೂಕ ಉಂಟೋ ಇಲ್ಲವೋ ಎಂಬ ಪ್ರಶ್ನೆಯನ್ನು ಈವರೆಗೆ ಯಾವ ದಾರ್ಶನಿಕನೂ ಎತ್ತಿದಂತಿಲ್ಲ. ಗ್ರೀಕರು ಬಿಟ್ಟರು, ರೋಮನರು ಬಿಟ್ಟರು, ಯಾವುದನ್ನೂ ಸುಮ್ಮನೆ ಬಿಡದ ಜರ್ಮನರು ಕೂಡ ಇದೊಂದನ್ನು ಬಿಟ್ಟರು. ಅದು ನಮ್ಮ ಪಾಲಿಗೆ ಕಾದಿತ್ತು. ಫ್ಯುನ್ ದ್ವೀಪದ ಸ್ಕೋವ್ಲುಂದ ಎಂಬ ಸಣ್ಣ ಊರಿನ ತೋರ್ನ್‌ಹೋಯ್ ವೃದ್ಧಾಶ್ರಮದಲ್ಲಿ, ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಕಾಫಿಗೆ ಇನ್ನೂ ಹತ್ತು ನಿಮಿಷ ಇರುವಾಗ ಈ ಪ್ರಶ್ನೆ ಎದ್ದಿತು. ಉತ್ತರ ಕೊಟ್ಟವನು ನಾನು. ಆದ್ದರಿಂದ ಬರೆದಿಡುವ ಹೊಣೆಯೂ ನನ್ನದೇ.

ನಾನು ಇದೇ ಊರಿನ ಶಾಲೆಯಲ್ಲಿ ನಲವತ್ತೊಂದು ವರ್ಷ ಇತಿಹಾಸ ಹೇಳಿಕೊಟ್ಟವನು. ಇಲ್ಲಿ ನನ್ನ ಕೈಕೆಳಗೆ ಓದಿದವರೂ ಓದದವರೂ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಾರೆ. ನಮ್ಮದು ಮೂವತ್ತೆಂಟು ಜನರ ಸಂಸ್ಥಾನ, ಅದಕ್ಕೊಂದು ಐವರ ನಿವಾಸಿ ಸಮಿತಿ. ನಾನು ಅದರ ಕಾರ್ಯದರ್ಶಿ. ಎಂದರೆ ಉಳಿದ ನಾಲ್ವರು ಜಗಳವಾಡುವಾಗ ಅದನ್ನು ಸಭ್ಯವಾಗಿ ಬರೆದುಕೊಳ್ಳುವವನು.

ಎರಡು ವರ್ಷದ ಹಿಂದೆ ಪುರಸಭೆ ಒಂದು ಒಳ್ಳೆಯ ತೀರ್ಮಾನ ಮಾಡಿತು. ಒಳ್ಳೆಯದು ಎಂದು ವ್ಯಂಗ್ಯವಾಗಿ ಹೇಳುತ್ತಿಲ್ಲ. ಶಾಲೆ, ಶಿಶುವಿಹಾರ, ವೃದ್ಧಾಶ್ರಮ, ಎಲ್ಲ ಅಡುಗೆಮನೆಗಳೂ ಸಾವಯವಕ್ಕೆ ಹೊರಳಬೇಕು. ನೂರು ಕಿಲೋ ಬೇಯಿಸಿದರೆ ತೊಂಬತ್ತು ಕಿಲೋ ಸಾವಯವದ್ದಾಗಿರಬೇಕು. ಅದಕ್ಕೆ ಕೊಡುವ ಹೆಚ್ಚಿನ ಹಣ ಎಷ್ಟು? ಒಂದು ಕ್ರೋನವೂ ಇಲ್ಲ. ತೊಂಬತ್ತು ಮುಟ್ಟಿದ ಅಡುಗೆಮನೆಗೆ ಬಾಗಿಲ ಪಕ್ಕ ಹಾಕಿಕೊಳ್ಳಲು ಚಿನ್ನದ ಬಣ್ಣದ ಫಲಕ. ಮುಟ್ಟದ ಅಡುಗೆಮನೆಗೆ ಬೀಗ. ಅಲ್ಲಿಯವರ ಊಟ ನಗರದ ಕೇಂದ್ರ ಅಡುಗೆಮನೆಯಿಂದ ವ್ಯಾನಿನಲ್ಲಿ, ಪ್ಲಾಸ್ಟಿಕ್ ತಟ್ಟೆಯಲ್ಲಿ, ಮೇಲೊಂದು ತೆಳು ಹಾಳೆ ಅಂಟಿಸಿಕೊಂಡು ಬರುತ್ತದೆ. ಪಕ್ಕದ ಊರಿನ ಆಶ್ರಮಕ್ಕೆ ಆಗಲೇ ಬರುತ್ತಿತ್ತು. ಅಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬನನ್ನು ಊಟ ಹೇಗಿದೆ ಎಂದು ಕೇಳಿದೆ. "ಬಿಸಿ ಇರುತ್ತೆ" ಎಂದ. ಅಷ್ಟೇ.

ನಮ್ಮ ಅಡುಗೆಯವಳು ಬೊಡಿಲ್. ಅರವತ್ತು ತುಂಬುತ್ತಿದೆ, ತೋಳುಗಳು ಮೀನುಗಾರನವು, ಕಂಠ ದೋಣಿಯಿಂದ ದಡಕ್ಕೆ ಕೇಳುವಂಥದು. ಪುರಸಭೆಯ ಪತ್ರ ಬಂದ ದಿನ ಅವಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಬಡವರ ಮನೆ ಅಡುಗೆ ಗೊತ್ತಿದ್ರೆ ಸಾವಯವ ಕಷ್ಟ ಅಲ್ಲ, ನಮ್ಮಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತು" ಎಂದಳು. ಆಮೇಲೆ ನಮ್ಮ ಮೇಲೆ ಯುದ್ಧ ಸಾರಿದಳು. ಮಾಂಸ ವಾರಕ್ಕೆ ಆರು ದಿನ ಇದ್ದದ್ದು ಎರಡು ದಿನಕ್ಕಿಳಿಯಿತು. ಮೂಳೆಗಳನ್ನು ಮೂರು ಸಲ ಕುದಿಸಿದಳು. ಕೊಂಡು ತರುವ ಬ್ರೆಡ್ಡು ನಿಂತಿತು. ಬೆಳಗಿನ ಆರಕ್ಕೆ ಅವಳೇ ಕಪ್ಪು ಬ್ರೆಡ್ಡು ಬೇಯಿಸಿದಳು, ಉಳಿದ ತುಂಡುಗಳನ್ನು ಬಿಯರಿನಲ್ಲಿ ನೆನೆಸಿ ಮರುದಿನ ಗಂಜಿ ಮಾಡಿದಳು. ಒಣ ಬಟಾಣಿ, ಬೇಳೆ, ಎಲೆಕೋಸು, ಗಡ್ಡೆ. ಮತ್ತು ಯಾವುದರ ಸಿಪ್ಪೆಯನ್ನೂ ತೆಗೆಯುವುದಿಲ್ಲ ಎಂಬ ಶಾಸನ.

ಸಮಿತಿಯ ಅಧ್ಯಕ್ಷೆ ಗುಡ್ರುನ್‌ಗೆ ತೊಂಬತ್ತೊಂದು ವಯಸ್ಸು. ಶಾಸನ ಜಾರಿಯಾದ ಮೊದಲ ದಿನವೇ ಆಕೆ ಊಟದ ಮನೆಯ ನಡುವೆ ಫೋರ್ಕನ್ನು ಎತ್ತಿ ಹಿಡಿದಳು.

"ಬೊಡಿಲ್, ಈ ಕ್ಯಾರೆಟ್ಟಿಗೆ ಸಿಪ್ಪೆ ಇದೆ."

"ಇದೆ. ನನಗೂ ಇದೆ."

"ನಿನ್ನ ನಾನು ತಿನ್ನಲ್ಲ. ಇದನ್ನ ನಮ್ಮಪ್ಪ ಕುದುರೆಗೆ ಹಾಕ್ತಿದ್ದ."

"ಕುದುರೆ ಎಷ್ಟು ವರ್ಷ ಬದುಕ್ತು?"

"ಇಪ್ಪತ್ತೊಂಬತ್ತು."

"ನೋಡು ಮತ್ತೆ. ತಿನ್ನು."

ಬೇಳೆಯ ಸಾರು ಬಂದಾಗ ಅದೇ ಗುಡ್ರುನ್, ಯುದ್ಧ ಮುಗಿದು ಎಂಬತ್ತು ವರ್ಷವಾಯಿತೆಂದು ಯಾರಾದರೂ ಅಡುಗೆಮನೆಗೆ ತಿಳಿಸಿದ್ದಾರೆಯೇ ಎಂದು ಕೇಳಿದಳು. ಆದರೂ ತಟ್ಟೆ ಖಾಲಿ ಮಾಡಿದಳು. ಎಲ್ಲರೂ ಮಾಡಿದೆವು. ಬೈದುಕೊಂಡು ತಿನ್ನುವುದಕ್ಕೂ ಬೈಯದೆ ಬಿಡುವುದಕ್ಕೂ ಇರುವ ವ್ಯತ್ಯಾಸ ಅಡುಗೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬೊಡಿಲ್ ಖಾಲಿ ತಟ್ಟೆಗಳನ್ನು ನೋಡುತ್ತಿದ್ದಳೇ ಹೊರತು ನಮ್ಮ ಬಾಯಿಗಳನ್ನಲ್ಲ. ಸಾವಯವದ ಪಾಲು ಶೇಕಡಾ ಅರವತ್ತಿದ್ದದ್ದು ಎಪ್ಪತ್ತಾಯಿತು, ಎಪ್ಪತ್ತು ಎಂಬತ್ತಾಯಿತು. ಕಡೆಯ ಪರೀಕ್ಷೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮೂರು ತಿಂಗಳು, ಸೋತರೆ ಮಾರ್ಚಿನಿಂದ ಬೀಗ. ಆ ಅಕ್ಟೋಬರಿನ ಆರಂಭಕ್ಕೆ ನಾವು ತೊಂಬತ್ತೆರಡರಲ್ಲಿದ್ದೆವು.

ಆಗ ಬಂದದ್ದು ಎಸ್ಕಿಲ್‌ನ ಸೇಬು.

ಎಸ್ಕಿಲ್ ಊರಾಚೆಯ ರೈತ, ಎಂಬತ್ತೇಳು ವರ್ಷ, ಸಮಿತಿಯ ಸದಸ್ಯ. ಹೊಲವನ್ನೆಲ್ಲ ಮಾರಿದರೂ ಮನೆ ಹಿಂದಿನ ಹನ್ನೆರಡು ಮರಗಳನ್ನು ಉಳಿಸಿಕೊಂಡಿದ್ದ. ಫಿಲಿಪ್ಪ ಜಾತಿಯವು, ಹಳದಿ ಮೈ, ತೆಳು ಸಿಪ್ಪೆ, ನೆಲಮಾಳಿಗೆಯಲ್ಲಿ ಇಟ್ಟರೆ ಕ್ರಿಸ್ಮಸ್ ಹೊತ್ತಿಗೆ ಇನ್ನೂ ರುಚಿಯಾಗುವಂಥವು. ಆ ವರ್ಷ ಮರ ಮುರಿಯುವಷ್ಟು ಫಲ. ಅವನ ತಮ್ಮನ ಮಗ ಕಾರಿನ ಹಿಂದೆ ಗಾಡಿ ಕಟ್ಟಿಕೊಂಡು ಅಷ್ಟನ್ನೂ ತಂದು ಅಡುಗೆಮನೆಯ ಹಿಂಬಾಗಿಲಲ್ಲಿ ಇಳಿಸಿದ.

"ದುಡ್ಡು ಗಿಡ್ಡು ಏನೂ ಬೇಡ. ತಿನ್ನಿ" ಎಂದ ಎಸ್ಕಿಲ್, ದಾನ ಕೊಡುವವರಿಗೆ ಸಹಜವಾದ ಸಿಟ್ಟಿನಿಂದ.

"ಔಷಧಿ ಹೊಡೆದಿದ್ದೀಯಾ?" ಬೊಡಿಲ್ ಕೇಳಿದಳು.

"ನಮ್ಮಪ್ಪ ಜೀವಮಾನದಲ್ಲಿ ಒಂದು ಸಲ ಹೊಡೀಲಿಲ್ಲ. ನಾನೂ ಹೊಡೀಲಿಲ್ಲ."

"ಭೂಮಿ ಮೇಲೆ ಅಷ್ಟು ಪ್ರೀತಿನಾ?"

"ಔಷಧಿಗೆ ದುಡ್ಡು ಕೊಡಬೇಕಲ್ಲ!"

ಬೊಡಿಲ್ ನಕ್ಕಳು. ಅವಳು ನಕ್ಕದ್ದನ್ನು ನಾನು ಆ ವರ್ಷ ನೋಡಿದ್ದು ಅದೊಂದೇ ಸಲ. ಸೇಬಿಗೆ ಎತ್ತಿಟ್ಟ ಹಣ ಉಳಿಯಿತು, ಅದರಲ್ಲಿ ಕ್ರಿಸ್ಮಸ್ಸಿಗೆ ಎಲ್ಲರಿಗೂ ಸಾವಯವ ಬಾತುಕೋಳಿ ಎಂದು ಅಲ್ಲೇ ಲೆಕ್ಕ ಹಾಕಿ ಹೇಳಿದಳು. ಊಟದ ಮನೆಯಲ್ಲಿ ಚಪ್ಪಾಳೆ ಬಿತ್ತು. ಆಮೇಲೆ ಆಲೂಗಡ್ಡೆ ತೂಗುವ ತಕ್ಕಡಿಯಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ತೂಗಿದಳು: ಮುನ್ನೂರ ಹನ್ನೆರಡು ಕಿಲೋ. ಪುರಸಭೆಯ ನಮೂನೆ ಕೈಯಲ್ಲಿ ಹಿಡಿದು ನನ್ನ ಕುರ್ಚಿಯ ಬಳಿ ಬಂದಳು.

"ಮೇಷ್ಟ್ರೇ, ಇದರಲ್ಲಿ ಎರಡೇ ಕಾಲಮ್ಮು. ಸಾವಯವ ಅನ್ನೋ ಮುದ್ರೆ ಇರೋದು, ಮುದ್ರೆ ಇಲ್ಲದ್ದು. ದಾನ ಬಂದದ್ದು ಅಂತ ಇಲ್ಲ. ಬರೀಲಾ ಬೇಡ್ವಾ?"

ನಾನು ಕನ್ನಡಕ ಏರಿಸಿದೆ. ನಮೂನೆಯ ತಲೆಬರಹ ಓದಿದೆ. 'ಅಡುಗೆಮನೆಯಲ್ಲಿ ಬಳಸಿದ ಎಲ್ಲ ಆಹಾರ' ಎಂದಿತ್ತು. ನಲವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನಿಗೆ 'ಎಲ್ಲ' ಎಂಬ ಮಾತು ಕಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

"ಎಲ್ಲ ಅಂದರೆ ಎಲ್ಲ. ತಿಂದದ್ದಕ್ಕೆ ತೂಕ ಇದ್ದೇ ಇರುತ್ತೆ, ಕೊಂಡದ್ದಾದರೇನು ಕೊಟ್ಟದ್ದಾದರೇನು. ಬರಿ" ಎಂದೆ. ಮಾತು ಚೆನ್ನಾಗಿ ಕೂತಿತು ಅನ್ನಿಸಿತು. ಕಾಫಿ ಕುಡಿದೆ.

ಅವಳು ಎರಡನೆಯ ಕಾಲಮ್ಮಿನಲ್ಲಿ ಬರೆದಳು: ಸೇಬು, ೩೧೨.

ಆಮೇಲಿನ ಆರು ವಾರ ನಾವು ಸುಖವಾಗಿದ್ದೆವು ಎಂದು ಒಪ್ಪಿಕೊಳ್ಳಬೇಕು. ಹಂದಿಯ ಕೊಬ್ಬಿನಲ್ಲಿ ಈರುಳ್ಳಿಯ ಜೊತೆ ಬಾಡಿಸಿದ ಸೇಬು, ಕಪ್ಪು ಬ್ರೆಡ್ಡಿನ ಮೇಲೆ. ಹುರಿದ ಬ್ರೆಡ್ಡಿನ ಪುಡಿ, ಸೇಬಿನ ಹಿಸುಕು, ಮೇಲೆ ಕೆನೆ. ನಮ್ಮ ಅಜ್ಜಿಯರು ಅದನ್ನೇ ಕೇಕು ಎನ್ನುತ್ತಿದ್ದರು. ಗುಡ್ರುನ್ ಎರಡನೆಯ ಸಲ ಹಾಕಿಸಿಕೊಂಡು, "ಸಿಪ್ಪೆ ಇದೆ" ಎಂದಳು, ಅಭ್ಯಾಸಬಲದಿಂದ.

ನವೆಂಬರ್ ಕೊನೆಯ ವಾರ ಪುರಸಭೆಯಿಂದ ತಪಾಸಣೆಗೆ ಮಾಲೆನ ಎಂಬ ಹುಡುಗಿ ಬಂದಳು. ಮೂವತ್ತರ ಆಸುಪಾಸು, ಸೈಕಲ್ಲಿನ ಹೆಲ್ಮೆಟ್ಟು ತೊಡೆಯ ಮೇಲೆ, ಒಳ್ಳೆಯ ಮುಖ. ಅವಳ ಮೇಲೆ ಸಿಟ್ಟು ಮಾಡುವುದಕ್ಕೆ ನಾನು ಎಷ್ಟು ಪ್ರಯತ್ನಪಟ್ಟರೂ ಇಂದಿಗೂ ಸರಿಯಾಗಿ ಸಾಧ್ಯವಾಗಿಲ್ಲ. ಅವಳು ಬಾಣಲೆಗಳನ್ನು ನೋಡಿ ಹೊಗಳಿದಳು, ಬ್ರೆಡ್ಡು ತಿಂದು ಹೊಗಳಿದಳು. ಸಮಿತಿಯ ಐವರೂ ಪಕ್ಕದಲ್ಲಿ ಸಾಲಾಗಿ ಕೂತಿದ್ದೆವು. ನಮೂನೆಯ ಎರಡನೆಯ ಪುಟದಲ್ಲಿ ಅವಳ ಬೆರಳು ನಿಂತಿತು.

"ಈ ಮುನ್ನೂರ ಹನ್ನೆರಡು ಕಿಲೋ ಏನು?"

"ಸೇಬು. ಎಸ್ಕಿಲ್‌ನ ಮರದ್ದು" ಎಂದಳು ಬೊಡಿಲ್.

"ಪ್ರಮಾಣಪತ್ರ ಇದೆಯಾ?"

"ಮರಕ್ಕಾ?" ಎಂದ ಎಸ್ಕಿಲ್.

"ತೋಟಕ್ಕೆ. ನೀವು ಔಷಧಿ ಹೊಡೆಯಲ್ಲ ಅನ್ನೋದನ್ನ ನಾನು ನಂಬ್ತೀನಿ, ಆದರೆ ನೀವು..."

"ಏನವ್ವಾ ಇದು, ನೀವು ನೀವು ಅಂತ? ನಾನೇನು ಅರಮನೆಯವನಾ? ಸರಿಯಾಗಿ ಮಾತಾಡು."

ಮಾಲೆನಳ ಕಿವಿ ಕೆಂಪಾಯಿತು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ನೀನು ಎನ್ನುವುದೇ ರೂಢಿ, ಹಿರಿಯರಿಗೆ ನೀವು ಎನ್ನಬೇಕೆಂದು ಅವಳಿಗೆ ಯಾರೋ ತರಬೇತಿ ಕೊಟ್ಟಿರಬೇಕು. "ನೀನು ಹೊಡೆಯಲ್ಲ ಅನ್ನೋದು ನಿಜ ಇರಬಹುದು. ಆದರೆ ಮುದ್ರೆ ಇಲ್ಲದೆ ಅದು ಸಾವಯವ ಅಲ್ಲ."

"ಎಪ್ಪತ್ತು ವರ್ಷದಿಂದ ಆ ಮರಗಳ ಮೇಲೆ ಬಿದ್ದಿದ್ದು ಎರಡೇ. ಮಳೆ, ನಮ್ಮ ನಾಯಿ ಉಚ್ಚೆ. ಇವೆರಡರಲ್ಲಿ ಯಾವುದು ಸಾವಯವ ಅಲ್ಲ, ಹೇಳು."

ಅವಳು ಕೂಡಿ ಕಳೆದಳು. ತೊಂಬತ್ತೆರಡಿದ್ದದ್ದು ಸೇಬಿನ ತೂಕ ಬಿದ್ದು ಎಂಬತ್ತಮೂರಕ್ಕೆ ಇಳಿದಿತ್ತು. ಮಾಲೆನ ಪೆನ್ನು ಕೆಳಗಿಟ್ಟು, ನಿಜವಾದ ನೋವಿನಿಂದ, ಆಡಬಾರದಿದ್ದ ಒಂದು ಮಾತು ಆಡಿದಳು:

"ಬರೆಯದೇ ಇದ್ದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಗುಡ್ರುನ್ ನನ್ನ ಕಡೆ ತಿರುಗಿದಳು. ಹೊಲ್ಗರ್ ತಿರುಗಿದ, ಅವನು ಹಿಂದೆ ಅಂಚೆಯವನು, ನಿಧಾನ, ಆದರೆ ಬಂದು ತಲುಪುತ್ತಾನೆ. ಅಷ್ಟಾಗಿ ಕಿವಿ ಕೇಳದ ಆಸ್ತ ಕೂಡ ಉಳಿದವರ ಮುಖ ನೋಡಿ ತಿರುಗಿದಳು. ಬೊಡಿಲ್ ಮಾತ್ರ ನನ್ನತ್ತ ನೋಡಲಿಲ್ಲ. ನೋಡಿ ಒಂದು ಸೌಟು ಎಸೆದಿದ್ದರೆ ಒಳ್ಳೆಯದಿತ್ತು.

"ಈಗ ಹೊಡೆದುಹಾಕಲಾ?" ಎಂದು ಅವಳು ಕೇಳಿದಳು.

"ನಾನು ನೋಡಿಬಿಟ್ಟೆನಲ್ಲ" ಎಂದಳು ಮಾಲೆನ. ಇಬ್ಬರೂ ಅದನ್ನು ಒಪ್ಪಿದರು. ನಮ್ಮ ದೇಶದಲ್ಲಿ ಕಳ್ಳರಿಲ್ಲವೆಂದಲ್ಲ. ಆದರೆ ನಮೂನೆಯೊಂದು ಮುಂದೆ ಬಂದರೆ ಕಳ್ಳನೂ ಪೆನ್ನಿಗೆ ಕ್ಯಾಪು ಸರಿಯಾಗಿ ಹಾಕಿ ಕೂರುತ್ತಾನೆ.

ಆಮೇಲೆ ಅವಳು ಒಂದು ದಾರಿ ತೋರಿಸಿದಳು. ನೆಲಮಾಳಿಗೆಯಲ್ಲಿ ಇನ್ನೂ ನೂರಿಪ್ಪತ್ತು ಕಿಲೋ ಸೇಬು ಉಳಿದಿತ್ತು. ಅದನ್ನು ತಿನ್ನದೆ ಹೊರಗೆ ಸಾಗಿಸಿದರೆ ಅಷ್ಟು ತೂಕ ಕಳೆಯಬಹುದು. ಡಿಸೆಂಬರ್ ಪೂರ್ತಿ ಬಿಗಿಯಾಗಿ ನಡೆಸಿದರೆ ತೊಂಬತ್ತು ದಾಟುತ್ತದೆ. ಸೇಬು ಬೇಕೇ ಬೇಕಾದರೆ ಅಂಗಡಿಯಲ್ಲಿ ಇಟಲಿಯದು ಸಿಗುತ್ತದೆ, ಮುದ್ರೆ ಸಹಿತ.

"ಹೊರಗೆ ಅಂದರೆ? ನಮ್ಮ ನಮ್ಮ ಕೋಣೆಗೆ ಒಯ್ದರೆ?" ಗುಡ್ರುನ್ ಕೇಳಿದಳು.

"ಒಂದು ಸಲ ಅಡುಗೆಮನೆಗೆ ಬಂದದ್ದು ನಿವಾಸಿಗಳ ಹೊಟ್ಟೆಗೆ ಯಾವ ದಾರಿಯಿಂದ ಹೋದರೂ ಬಡಿಸಿದ ಹಾಗೇ ಲೆಕ್ಕ. ಹಂದಿ ಸಾಕೋರಿಗೆ ಕೊಡಬಹುದು. ಇಲ್ಲಾ ತಿಪ್ಪೆಗೆ."

ಎಸ್ಕಿಲ್ ಎದ್ದ. ಅವನು ಏಳುವುದಕ್ಕೆ ಒಂದು ನಿಮಿಷ ಬೇಕು. "ನಾಯಿಗೆ ಹಾಕಿ ಅಂದಿದ್ರೆ ನಗ್ತಿದ್ದೆ" ಎಂದ. "ತಿಪ್ಪೆಗೆ ಅಂತೀಯಲ್ಲ. ಇಟಲಿಯಿಂದ ಲಾರಿಲಿ ಎರಡು ಸಾವಿರ ಕಿಲೋಮೀಟರು ಹೊಗೆ ಕುಡ್ಕೊಂಡು ಬಂದದ್ದು ಶುದ್ಧ, ಎರಡು ಕಿಲೋಮೀಟರಿಂದ ಬಂದದ್ದು ಮೈಲಿಗೆ. ಈ ಬುದ್ಧಿ ಎಲ್ಲಿ ಕಲಿಸ್ತಾರವ್ವಾ, ಅದಕ್ಕೂ ಪ್ರಮಾಣಪತ್ರ ಉಂಟಾ?" ವಾಕರ್ ತಳ್ಳಿಕೊಂಡು ಹೋದ. ಅದರ ಒಂದು ಚಕ್ರ ಕಿರುಗುಡುತ್ತದೆ. ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.

ಮರುದಿನ ಐವರೂ ಸೇರಿದಾಗ ಸಮಿತಿ ಮತ ಹಾಕಿತು. ಸೇಬು ಹೊರಗೆ ಎಂದು ಮೂರು, ಬೇಡ ಎಂದು ಎರಡು. ಗುಡ್ರುನ್, ಹೊಲ್ಗರ್, ನಾನು ಒಂದು ಕಡೆ. ಅಡುಗೆಮನೆ ಉಳಿಯಬೇಕಾದರೆ ಸೇಬು ಹೋಗಬೇಕು ಎಂದು ನಾನೇ ಮಾತಾಡಿದೆ, ಇತಿಹಾಸದಿಂದ ಎರಡು ನಿದರ್ಶನ ಕೊಟ್ಟೆ. ಎಸ್ಕಿಲ್ ಕೇಳಿಸಿಕೊಂಡು, "ಮೇಷ್ಟ್ರೇ, ನೀನು ಹೇಳಿಕೊಟ್ಟ ಯುದ್ಧಗಳನ್ನೆಲ್ಲ ಹೀಗೇ ಗೆದ್ದಿದ್ದಾ? ಅನ್ನಕ್ಕೆ ಬೆಂಕಿ ಇಟ್ಟು?" ಎಂದ. ಕೆಲವನ್ನು ಹಾಗೇ ಗೆದ್ದಿದ್ದರು. ಆದರೆ ಆಗ ಅದನ್ನು ಹೇಳುವ ಹೊತ್ತಲ್ಲ.

ಹಂದಿ ಸಾಕುವವನಿಗೆ ಹೇಳಿಕಳಿಸಿದ್ದಾಯಿತು. ಅವನಿಗೆ ಬಿಡುವಿದ್ದದ್ದು ಡಿಸೆಂಬರ್ ಇಪ್ಪತ್ತೆರಡಕ್ಕೆ.

ಅಲ್ಲಿಯವರೆಗೆ ನಡೆದ ಊಟವನ್ನು ನಾನು ಮುತ್ತಿಗೆಯ ಊಟ ಎಂದೇ ದಾಖಲಿಸಿದ್ದೇನೆ. ಅಗ್ಗವಾಗಿರಬೇಕು, ಭಾರವಾಗಿರಬೇಕು, ಮುದ್ರೆ ಇರಬೇಕು. ಆಲೂಗಡ್ಡೆ, ಎಲೆಕೋಸು, ಕ್ಯಾರೆಟ್, ಮತ್ತೆ ಆಲೂಗಡ್ಡೆ. ಮಜ್ಜಿಗೆ ಒಂದು ಲೋಟಕ್ಕೆ ಕಾಲು ಕಿಲೋ ತೂಗುತ್ತದೆ ಎಂದು ಯಾರೋ ಕಂಡುಹಿಡಿದರು. ಅಂದಿನಿಂದ ಗುಡ್ರುನ್ ಮೇಜಿನಿಂದ ಮೇಜಿಗೆ ಜಗ್ಗು ಹಿಡಿದು ತಿರುಗಿದಳು. "ಕುಡಿ ಹೊಲ್ಗರ್, ನಿನ್ನಿಂದ ಇವತ್ತು ಅರ್ಧ ಕಿಲೋನೂ ಆಗಿಲ್ಲ." "ರಾತ್ರಿ ಐದು ಸಲ ಏಳಬೇಕಾಗುತ್ತೆ ಕಣೇ." "ಏಳು. ಊರಿಗೋಸ್ಕರ ಏಳು." ಮುದ್ರೆ ಇಲ್ಲವೆಂದು ಸಾಸಿವೆ ನಿಂತಿತು, ಒಣದ್ರಾಕ್ಷಿ ನಿಂತಿತು, ದಾಲ್ಚಿನ್ನಿ ನಿಂತಿತು. ಹೆಸರಿನಲ್ಲಿ ಸೇಬಿದ್ದು ಒಳಗೆ ಸೇಬಿಲ್ಲದ ಒಂದು ಡಿಸೆಂಬರಿನ ಉಂಡೆ ನಮ್ಮಲ್ಲಿ ಉಂಟು. ಅದಕ್ಕೆ ಮಾತ್ರ ಯಾವ ಅಡ್ಡಿಯೂ ಬರಲಿಲ್ಲ. ಬಾತುಕೋಳಿಗೆ ಉಳಿಸಿದ್ದ ಹಣ ಇಟಲಿಯ ಸೇಬಿಗೆ ಹೋಯಿತು.

ಎಸ್ಕಿಲ್ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನನ್ನ ಎದುರಿನ ಕುರ್ಚಿ ಬಿಟ್ಟು ಕಿಟಕಿಯ ಬಳಿ ಹೋಗಿ ಕೂತ. ಬೊಡಿಲ್ ಕೂಡ ಮಾತು ನಿಲ್ಲಿಸಿದ್ದಳು, ಪಾತ್ರೆಗಳೇ ಮಾತಾಡುತ್ತಿದ್ದವು. ಅವಳು ಮುಚ್ಚಳ ಹಾಕುವ ಸದ್ದಿಗೆ ಆಸ್ತ ಕೂಡ ಬೆಚ್ಚಿಬೀಳುತ್ತಿದ್ದಳು.

ಇಪ್ಪತ್ತೊಂದಕ್ಕೆ ಇಟಲಿಯ ಸೇಬು ಬಂತು. ಒಂದೊಂದಕ್ಕೂ ಒಂದೊಂದು ಚೀಟಿ, ಆರಾರಕ್ಕೆ ಒಂದು ಪ್ಲಾಸ್ಟಿಕ್ಕಿನ ತೊಟ್ಟಿಲು. ಬೊಡಿಲ್ ಒಂದನ್ನು ತೆಗೆದು, ಚೀಟಿ ಕಿತ್ತು, ಕಚ್ಚಿದಳು. ಅಗಿದಳು. ನಾನು ಅಡುಗೆಮನೆಯ ಕಿಂಡಿಯಲ್ಲಿ ಕಾಫಿಗೆ ಕಾಯುತ್ತಿದ್ದೆ. ಅವಳು ಆ ತುತ್ತನ್ನು ನುಂಗದೆ ತೊಟ್ಟಿಗೆ ಉಗಿದು, ಉಳಿದರ್ಧವನ್ನು ನನ್ನ ಮುಂದಿಟ್ಟಳು.

"ತಿನ್ನು ಮೇಷ್ಟ್ರೇ."

ತಿಂದೆ.

"ಏನನ್ನಿಸುತ್ತೆ?"

"ಏನೂ ಅನ್ನಿಸಲ್ಲ."

"ಅದೇ" ಎಂದಳು. "ಇದಕ್ಕೆ ನಾನು ನಿಮ್ಮ ಬಾತುಕೋಳಿ ಕೊಟ್ಟೆ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಂದಿಯವನ ವ್ಯಾನು ಹಿಂಬಾಗಿಲಿಗೆ ಬಂದು ನಿಂತಿತು. ನೆಲಮಾಳಿಗೆಯ ಬಾಗಿಲ ಮುಂದೆ ಎಸ್ಕಿಲ್ ತನ್ನ ವಾಕರನ್ನು ಅಡ್ಡ ನಿಲ್ಲಿಸಿ, ಬ್ರೇಕು ಹಾಕಿ, ಅದರ ಸೀಟಿನ ಮೇಲೆ ಕೂತಿದ್ದ. ಕೋಟು, ಟೊಪ್ಪಿ, ಕೈಗವಸು. ತಿಂಡಿಗೂ ಬಂದಿರಲಿಲ್ಲ. ಗುಡ್ರುನ್ ಅಧ್ಯಕ್ಷೆಯ ಗತ್ತಿನಲ್ಲಿ, ಮತ ಹಾಕಿ ಆಗಿದೆ, ಮಗು ಥರ ಮಾಡಬೇಡ ಎಂದಳು. ಅವನು, ಮಕ್ಕಳು ಅಡ್ಡ ಮಲಗಿ ಅಳ್ತಾರೆ, ನಾನು ಕೂತ್ಕೊಂಡಿದ್ದೀನಿ ಎಂದ.

ಬೊಡಿಲ್ ಎರಡು ಖಾಲಿ ಪೆಟ್ಟಿಗೆ ಹಿಡಿದು ಬಂದಳು.

"ಏಳು ಎಸ್ಕಿಲ್."

"ಏಳಲ್ಲ."

"ಏಳು ಅಂದೆ. ಸೇಬು ಬೇಕು ನನಗೆ."

"ಹಂದಿಗಾ?"

"ಹಂದಿ ಬಾಣಲೆಲಿದೆ. ಅದರ ಜೊತೆಗೆ."

ಎಸ್ಕಿಲ್‌ಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನಮಗೂ ಹಿಡಿಯಿತು. ಅಷ್ಟರಲ್ಲಿ ಈರುಳ್ಳಿ ಬಾಡುವ ವಾಸನೆ ಕಾರಿಡಾರಿಗೆ ಬಂದಿತ್ತು. ಬೊಡಿಲ್ ಹಿಂಬಾಗಿಲು ತೆರೆದು, ಹಂದಿಯವನಿಗೆ ಒಂದು ಲೋಟ ಕಾಫಿ ಕೊಟ್ಟು, ಕ್ರಿಸ್ಮಸ್ ಶುಭಾಶಯ ಹೇಳಿ, ಖಾಲಿ ವ್ಯಾನನ್ನು ವಾಪಸ್ ಕಳಿಸಿದಳು. ಆಮೇಲೆ ನಮ್ಮತ್ತ ತಿರುಗಿದಳು. ಎರಡು ವರ್ಷದ ಸಿಟ್ಟು ಒಟ್ಟಿಗೆ ಹೊರಬಂತು.

"ಕೇಳಿ. ಈ ಮನೆಯಲ್ಲಿ ಎರಡು ವರ್ಷದಿಂದ ಒಂದು ಸಿಪ್ಪೆ ಕೂಡ ಹಾಳು ಮಾಡಿಲ್ಲ. ಮೂಳೆ ಮೂರು ಸಲ ಕುದಿಸಿದೆ, ನೀವು ಬೈದ್ರಿ, ತಿಂದ್ರಿ. ಈಗ ಒಳ್ಳೇ ಅಡುಗೆಮನೆ ಅನ್ನೋ ಫಲಕಕ್ಕೋಸ್ಕರ ಒಳ್ಳೇ ಸೇಬು ಹಂದಿಗೆ ಹಾಕಬೇಕಂತೆ. ನಮ್ಮಮ್ಮ ಇದ್ದಿದ್ರೆ ಕಪಾಳಕ್ಕೆ ಕೊಡ್ತಿದ್ಲು. ಆ ಹುಡುಗಿಗಲ್ಲ. ನನಗೆ."

ಅವಳು ಪೆಟ್ಟಿಗೆಗಳನ್ನು ಮೇಲೆ ತಂದು, ತಕ್ಕಡಿ ಎಳೆದು, ಒಂದೊಂದಾಗಿ ತೂಗತೊಡಗಿದಳು. ಗೋಡೆಯ ಮೊಳೆಯಿಂದ ನಮೂನೆ ಇಳಿಸಿದಳು. ಆಗ ಎಲ್ಲರಿಗೂ ಒಟ್ಟಿಗೆ ಬಾಯಿ ಬಂತು.

"ಬರೀಬೇಡ ಕಣೇ!" ಎಂದು ಮೊದಲು ಕೂಗಿದವನು ಎಸ್ಕಿಲ್. "ಹಂದಿಯವನಿಗೆ ಕೊಟ್ಟೆ ಅಂತ ಬರಿ. ಯಾರು ಹಂದಿನ ಕೇಳಕ್ಕೆ ಹೋಗ್ತಾರೆ?"

"ಬಾತುಕೋಳಿ ಹೋಯ್ತು, ಸಾಸಿವೆ ಹೋಯ್ತು, ತಿಂಗಳೆಲ್ಲ ಮಜ್ಜಿಗೆ ಕುಡಿದು ನನ್ನ ಹೊಟ್ಟೆ ಹೋಯ್ತು" ಎಂದ ಹೊಲ್ಗರ್. "ಎಲ್ಲಾ ಸುಮ್ನೇನಾ?"

"ತಿಂದದ್ದು ತಿಂದೆ ಅಂತ ಹೇಳಕ್ಕೆ ನನಗೆ ನಾಚಿಕೆ ಇಲ್ಲ" ಎಂದಳು ಬೊಡಿಲ್. "ಇದು ಊಟ. ಊಟ ಅಂತ ಬರೀತೀನಿ. ಓದೋರು ಓದಿ ನಾಚಿಕೊಳ್ಳಲಿ."

"ಅವರು ನಾಚಿಕೊಳ್ಳಲ್ಲ, ಬೀಗ ತರ್ತಾರೆ!" ಗುಡ್ರುನ್‌ಳ ದನಿ ಏರಿತ್ತು. "ಮಾರ್ಚಿಂದ ನಾವು ಏನು ತಿನ್ನೋದು? ನಿನ್ನ ಪ್ರಾಮಾಣಿಕತೆ ಹುರಿದು ಹಾಕ್ತೀಯಾ? ನಿನಗೇನು, ಎಲ್ಲಾದರೂ ಕೆಲಸ ಸಿಗುತ್ತೆ. ನಾವು ಇಲ್ಲೇ ಕೂತಿರಬೇಕು, ಆ ಹಾಳೆ ಕಿತ್ಕೊಂಡು."

ಅದು ನ್ಯಾಯವಾದ ಮಾತು. ಬೊಡಿಲ್‌ಳ ಮುಖ ನೋಡಿದರೆ ಅವಳಿಗೂ ಅದು ಗೊತ್ತಿತ್ತು. ಅವಳು ಮೊದಲ ಬಾರಿಗೆ, ನವೆಂಬರಿನ ನಂತರ ಮೊದಲ ಬಾರಿಗೆ, ನನ್ನತ್ತ ನೇರವಾಗಿ ನೋಡಿದಳು.

"ಮೇಷ್ಟ್ರೇ, ನೀನು ಹೇಳು. ಆವತ್ತು ಹೇಳಿದೆಯಲ್ಲ."

ನಾನು ಬರೆಯಬೇಡ ಎಂದೆ. ಸ್ಪಷ್ಟವಾಗಿ, ಎರಡು ಸಲ. ಎಲ್ಲ ಎಂಬ ಮಾತಿಗೆ ಎಲ್ಲ ಎಂದೇ ಅರ್ಥವಿರಬೇಕಾಗಿಲ್ಲ, ನಮೂನೆ ಮಾಡಿದವರಿಗೆ ದಾನ ಎಂಬ ಕಾಲಮ್ಮು ತೋಚಲಿಲ್ಲವಾದರೆ ಅದು ಅವರ ತಪ್ಪು, ಸುಳ್ಳು ನಮ್ಮದಲ್ಲ ಕಾಗದದ್ದು ಎಂದೆಲ್ಲ ಹೇಳಿದೆ. ನಲವತ್ತೊಂದು ವರ್ಷದಲ್ಲಿ ಯಾವ ಹುಡುಗನಾದರೂ ನನ್ನೆದುರು ಇಂಥ ವಾದ ಹೂಡಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಬೊಡಿಲ್ ಕೊನೆಯವರೆಗೂ ಕೇಳಿದಳು. "ಆವತ್ತೇ ಹೀಗೆ ಅಂದಿದ್ರೆ ಆಗ್ತಿತ್ತು" ಎಂದಳು. "ಆವತ್ತು ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಗೊತ್ತಿದ್ದೂ ಸುಳ್ಳು ಬರೆದರೆ ಆ ಸೇಬನ್ನ ನಾನೇ ಕದ್ದ ಹಾಗೆ. ಕೊಟ್ಟದ್ದನ್ನ ಯಾಕೆ ಕದೀಲಿ?"

ಅವಳು ಬರೆದಳು. ಹೊಡೆದುಹಾಕಬೇಕಾಗಿದ್ದ ನೂರಿಪ್ಪತ್ತನ್ನು ಹೊಡೆದುಹಾಕದೆ, ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ 'ತಿಂದೆವು' ಎಂದು ಸೇರಿಸಿ, ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿದು, ಅದರ ಮೇಲೆ ಅಂಟುಪಟ್ಟಿ ಹಚ್ಚಿದಳು. ಗುಡ್ರುನ್ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಸ್ಕಿಲ್ ಕೈಗವಸು ತೆಗೆದು, ನೆಲಮಾಳಿಗೆಯ ಮೆಟ್ಟಿಲ ಮೇಲೆ ಉರುಳಿದ್ದ ಒಂದು ಸೇಬನ್ನು ಎತ್ತಿಕೊಂಡು, ಕೋಟಿಗೆ ಒರೆಸಿದ. ತಿನ್ನಲಿಲ್ಲ. ಬಯ್ಯುತ್ತಾ ನಿಂತಿದ್ದ, ಬೊಡಿಲ್‌ಳನ್ನೋ, ಪುರಸಭೆಯನ್ನೋ, ತನ್ನ ಮರಗಳನ್ನೋ, ನನಗೆ ತಿಳಿಯಲಿಲ್ಲ.

ಆ ಕ್ರಿಸ್ಮಸ್ಸಿನ ಊಟದಲ್ಲಿ ಬಾತುಕೋಳಿ ಇರಲಿಲ್ಲ. ಹಂದಿ, ಸೇಬು, ಈರುಳ್ಳಿ, ಕಪ್ಪು ಬ್ರೆಡ್ಡು. ನಾನು ತಿಂದ ಅತ್ಯುತ್ತಮ ಊಟಗಳಲ್ಲಿ ಒಂದು ಎಂದು ಹೇಳಬೇಕು, ಮತ್ತು ಅಷ್ಟು ಮೌನದ ಊಟ ಇನ್ನೊಂದಿಲ್ಲ ಎಂದೂ ಹೇಳಬೇಕು. ಗುಡ್ರುನ್ ಬಂದು ಕೂತಳು, ತಿಂದಳು, ಮತ್ತೆ ಹಾಕಿಸಿಕೊಂಡಳು. ಬೊಡಿಲ್‌ಗೆ ಒಂದು ಮಾತೂ ಆಡಲಿಲ್ಲ. ಸಿಪ್ಪೆಯ ಬಗ್ಗೆ ಕೂಡ.

ಜನವರಿ ಎಂಟಕ್ಕೆ ಪುರಸಭೆಯ ಪತ್ರ ಬಂತು. ಮೂರು ಸಾಲು. ಮೊದಲ ಸಾಲಿನಲ್ಲಿ ನಮ್ಮ ಉತ್ಸಾಹಕ್ಕೆ ಅಭಿನಂದನೆ, ಎರಡನೆಯದರಲ್ಲಿ ಎಂಬತ್ತೆಂಟು ಎಂಬ ಅಂಕಿ, ಮೂರನೆಯದರಲ್ಲಿ ತಾರೀಖು. ಸಮಿತಿಯ ಪರವಾಗಿ ನಾನು ನಾಲ್ಕು ಪುಟದ ಆಕ್ಷೇಪಣೆ ಬರೆದೆ. ಅದು ತಲುಪಿದೆ ಎಂದು ಉತ್ತರ ಬಂತು. ಕೆಳಗೆ ಮಾಲೆನ ಕೈಬರಹದಲ್ಲಿ ಕ್ಷಮಿಸಿ ಎಂದು ಬರೆದಿದ್ದಳು. ಎಸ್ಕಿಲ್ ಅದನ್ನು ಓದಿಸಿ ಕೇಳಿ, ಅವಳ ವಿಳಾಸ ಉಂಟಾ, ಮುಂದಿನ ಸಲ ಸೇಬು ಅವಳ ಮನೆಗೇ ಕಳಿಸ್ತೀನಿ, ತೂಕ ಹಾಕ್ಕೊಂಡು ತಿನ್ನಲಿ ಎಂದ.

ಮಾರ್ಚ್ ಒಂದಕ್ಕೆ ಅಡುಗೆಮನೆಗೆ ಬೀಗ ಬಿತ್ತು. ಬೊಡಿಲ್ ಈಗ ಬೇರೆ ಊರಿನ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಾಳೆ. ನಮ್ಮ ಊಟ ದಿನಾ ಹನ್ನೊಂದೂವರೆಗೆ ವ್ಯಾನಿನಲ್ಲಿ ಬರುತ್ತದೆ, ಶೇಕಡಾ ತೊಂಬತ್ತನಾಲ್ಕು ಸಾವಯವ.